‘ಇಲ್ಲಿದೆ’ ಮತ್ತು ‘ಇಲ್ಲಿ ಮಾತ್ರ ಇದೆ’: ಬೆಟ್ಟದ ಬುಡದ ತರಗತಿಯಲ್ಲಿ ಜೀವವೈವಿಧ್ಯದ ಪಾಠ

ಬೋಧನಾಭ್ಯಾಸದ ಎರಡನೇ ಹಂತದಲ್ಲಿ ನನಗೆ ಹಂಚಿಕೆಯಾದದ್ದು ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರುವ ಒಂದು ಪ್ರೌಢಶಾಲೆ. ಎಂಟನೇ ತರಗತಿ, 38 ಮಕ್ಕಳು. ಘಟಕ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’. ಕಿಟಕಿಯಿಂದ ನೋಡಿದರೆ ಬೆಟ್ಟದ ಸಾಲು ಕಾಣುತ್ತದೆ. ಮಕ್ಕಳಲ್ಲಿ ಆರು ಮಂದಿ ಸೋಲಿಗರ ಪೋಡುಗಳಿಂದ ಬರುವವರು, ಉಳಿದವರು ಸುತ್ತಲಿನ ಊರಿನವರು. ನಾನು ಮಂಡ್ಯದ ಗದ್ದೆ ಸೀಮೆಯವಳು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದ್ದರೂ ಕಾಡೆಂದರೆ ನನಗೆ ಒಂದು ಶೈಕ್ಷಣಿಕ ಪ್ರವಾಸದ ನೆನಪು ಅಷ್ಟೇ.

ಪಾಠಯೋಜನೆಯನ್ನು ಹಿಂದಿನ ದಿನವೇ ತೋರಿಸಿ ಸಹಿ ಮಾಡಿಸಿಕೊಂಡಿದ್ದೆ. ಪೀಠಿಕೆ ಪ್ರಶ್ನೆಗಳು, ಚಾರ್ಟ್, ಕಪ್ಪುಹಲಗೆ ಸಾರಾಂಶ ಎಲ್ಲವೂ ಸಿದ್ಧವಿತ್ತು. ಎರಡು ರಾತ್ರಿ ಕೂತು ಬರೆದ ಚಾರ್ಟಿನಲ್ಲಿ ಹುಲಿ ಸ್ವಲ್ಪ ಬೆಕ್ಕಿನಂತೆ ಬಂದಿತ್ತು ಎಂಬುದನ್ನು ಬಿಟ್ಟರೆ ತಯಾರಿಯಲ್ಲಿ ಕೊರತೆ ಇದೆ ಎಂದು ನನಗೆ ಅನ್ನಿಸಿರಲಿಲ್ಲ. ಆದರೂ ಮೊದಲ ಅವಧಿ ಎರಡು ಕಡೆ ಕೆಟ್ಟಿತು. ಹೇಗೆ ಕೆಟ್ಟಿತು, ಮುಂದಿನ ಅವಧಿಗಳಲ್ಲಿ ಏನು ಬದಲಿಸಿದೆ ಎಂಬುದೇ ಈ ಬರಹ.

ಪಾಠದಲ್ಲಿ ಬರುವ ಉದಾಹರಣೆ ಮಧ್ಯಪ್ರದೇಶದ ಪಚ್‌ಮಢಿ ಜೀವಗೋಳ ಸಂರಕ್ಷಿತ ಪ್ರದೇಶ. ಸಾತ್ಪುರ ಬೆಟ್ಟಸಾಲಿನ ಈ ಕಾಡನ್ನು 1999ರಲ್ಲಿ ಜೀವಗೋಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸಾತ್ಪುರ ರಾಷ್ಟ್ರೀಯ ಉದ್ಯಾನ, ಬೋರಿ ಮತ್ತು ಪಚ್‌ಮಢಿ ಅಭಯಾರಣ್ಯಗಳು ಅದರೊಳಗೆ ಸೇರುತ್ತವೆ. ಒಂದು ಪ್ರದೇಶದಲ್ಲಿ ಮಾತ್ರ ಕಂಡುಬರುವ ಜೀವಿಗಳಿಗೆ ‘ಸ್ಥಳೀಯ ಪ್ರಭೇದ’ ಎಂಬ ಪದ ಬಳಸಿದೆ. ಪಠ್ಯದಲ್ಲಿದ್ದಂತೆ ಸಾಲ ಮರ, ಕಾಡುಮಾವು, ಕಾಡೆಮ್ಮೆ, ಕೆಂದಳಿಲು, ಹಾರುವ ಅಳಿಲು ಎಂದು ಪಚ್‌ಮಢಿಯ ಸ್ಥಳೀಯ ಪ್ರಭೇದಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದೆ. ಪಕ್ಕದಲ್ಲಿ ಕೆಂದಳಿಲಿನ ಚಿತ್ರ ಅಂಟಿಸಿದೆ.

ಮೂರನೇ ಬೆಂಚಿನ ಹುಡುಗಿ ಕೈ ಎತ್ತಿದಳು. “ಮಿಸ್, ಈ ಅಳಿಲು ನಮ್ ಬೆಟ್ಟದಲ್ಲೂ ಅದ. ಕೆ. ಗುಡಿ ದಾರೀಲಿ ನಾನೇ ನೋಡಿವ್ನಿ.”

ಇನ್ನೊಬ್ಬ, “ಕಾಟಿನೂ ಅದ ಮಿಸ್. ಮೊನ್ನೆ ನಮ್ ಮಾವನ ಹೊಲಕ್ಕೇ ಬಂದಿತ್ತು.”

“ಕಾಡುಮಾವಿನ ಉಪ್ಪಿನಕಾಯಿ ನಮ್ಮನೇಲಿ ಈಗ್ಲೂ ಅದ.”

ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೊಳಗೆ ಬೆವರುತ್ತಿದ್ದೆ. ‘ಅಲ್ಲಿ ಮಾತ್ರ’ ಎಂದು ಈಗಷ್ಟೇ ಬರೆದದ್ದು ಇಲ್ಲೂ ಇದೆ ಎಂದು ಮಕ್ಕಳು ಸಾಕ್ಷಿ ಹೇಳುತ್ತಿದ್ದಾರೆ. ನಾನು ಕೊಟ್ಟ ಉತ್ತರವನ್ನು ಮುಚ್ಚಿಡದೆ ಬರೆಯುತ್ತೇನೆ: “ಅದು ಬೇರೆ ಜಾತಿಯದು ಇರಬಹುದು, ಪರೀಕ್ಷೆಗೆ ಪುಸ್ತಕದಲ್ಲಿ ಇರುವುದನ್ನು ಬರೆಯಿರಿ.” ಮಕ್ಕಳು ಬರೆದುಕೊಂಡರು. ಹಿಂದೆ ಕೂತಿದ್ದ ಸಹಪಾಠಿ ವೀಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಆ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಎರಡನೆಯ ಎಡವಟ್ಟು ಇದಕ್ಕಿಂತ ದೊಡ್ಡದು. ಅರಣ್ಯನಾಶದ ಕಾರಣಗಳನ್ನು ಮಕ್ಕಳಿಂದಲೇ ಹೇಳಿಸುತ್ತಿದ್ದೆ. ‘ಕಾಡ್ಗಿಚ್ಚು’ ಎಂಬ ಉತ್ತರ ಬಂದ ಕೂಡಲೇ ಮುಂದಿನ ಸಾಲಿನ ಹುಡುಗನೊಬ್ಬ ಹಿಂದಕ್ಕೆ ತಿರುಗಿ, “ಇವರೇ ಮಿಸ್ ಬೆಂಕಿ ಹಾಕೋದು, ಕಾಡಿನವರು” ಎಂದ. ಅವನು ತೋರಿಸಿದ್ದು ಕಿಟಕಿ ಪಕ್ಕ ಕೂತಿದ್ದ ಸೋಲಿಗ ಹುಡುಗನನ್ನು. ಆ ಹುಡುಗ ಏನೂ ಹೇಳಲಿಲ್ಲ. ಪುಸ್ತಕದ ಮೂಲೆ ಮಡಚುತ್ತಾ ಕೂತ. “ಹಾಗೆಲ್ಲ ಅನ್ನಬಾರದು” ಎಂದಷ್ಟೇ ಹೇಳಿ ನಾನು ಮುಂದಿನ ಅಂಶಕ್ಕೆ ಹೋದೆ. ಘಂಟೆ ಹೊಡೆಯಲು ಎಂಟು ನಿಮಿಷವಿತ್ತು, ಸಾರಾಂಶ ಬಾಕಿ ಇತ್ತು. ಅನ್ನಬಾರದು ಎಂದೆನೇ ಹೊರತು ಆ ಮಾತು ಸರಿಯೋ ತಪ್ಪೋ ಎಂದು ಹೇಳಲಿಲ್ಲ. ಮಕ್ಕಳಿಗೆ ಕೇಳಿಸಿದ್ದು, ‘ನಿಜ, ಆದರೆ ಹೇಳಬೇಡ’ ಎಂದೇ ಇರಬೇಕು.

ಆ ಸಂಜೆ ಮೊದಲು ಅಳಿಲಿನ ವಿಷಯ ಹುಡುಕಿದೆ. ಕೆಂದಳಿಲು, ಅಂದರೆ ರಟುಫಾ ಇಂಡಿಕಾ, ಸಾತ್ಪುರದಲ್ಲೂ ಇದೆ, ಪಶ್ಚಿಮಘಟ್ಟದಲ್ಲೂ ಇದೆ, ಬಿಳಿಗಿರಿರಂಗನ ಬೆಟ್ಟದಲ್ಲೂ ಇದೆ. ಮಕ್ಕಳು ನೋಡಿದ್ದು ಅದೇ ಪ್ರಭೇದ. ಕಾಟಿ ಭಾರತದಿಂದ ಹಿಡಿದು ಆಗ್ನೇಯ ಏಷ್ಯಾದವರೆಗೂ ಇದೆ. ಸಾಲ ಮರ ಹಿಮಾಲಯದ ತಪ್ಪಲಿನಿಂದ ಮಧ್ಯಭಾರತದವರೆಗೆ ಹಬ್ಬಿದೆ, ನಮ್ಮಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಹೀಗಿರುವಾಗ ‘ಪಚ್‌ಮಢಿಯಲ್ಲಿ ಮಾತ್ರ’ ಎಂಬ ಅರ್ಥದಲ್ಲಿ ಇವು ನಿಲ್ಲುವುದಿಲ್ಲ. ಪಟ್ಟಿಯನ್ನು ಒಮ್ಮೆಯೂ ಪರಿಶೀಲಿಸದೆ ಹಲಗೆಗೆ ಇಳಿಸಿದ್ದು ನನ್ನ ತಪ್ಪು. ಸಸ್ಯಶಾಸ್ತ್ರ ಓದಿದವಳಿಗೆ ಸಾಲ ಮರದ ವಿಷಯದಲ್ಲಾದರೂ ಅನುಮಾನ ಬರಬೇಕಿತ್ತು.

ಹುಡುಕುತ್ತಾ ಹೋದಂತೆ ಇನ್ನೊಂದು ವಿಷಯ ಹೊಳೆಯಿತು. ಕೆಂದಳಿಲು ಭಾರತ ಬಿಟ್ಟು ಬೇರೆ ದೇಶದಲ್ಲಿ ಸಹಜವಾಗಿ ಇಲ್ಲ. ಹಾಗಾಗಿ ಅದು ಭಾರತಕ್ಕೆ ಸ್ಥಳೀಯ, ಪಚ್‌ಮಢಿಗೆ ಅಲ್ಲ, ನಮ್ಮ ಬೆಟ್ಟಕ್ಕೂ ಅಲ್ಲ. ಎಂದರೆ ಈ ಪದವನ್ನು ಬಿಡಿಯಾಗಿ ಬಳಸುವಂತೆಯೇ ಇಲ್ಲ, ‘ಎಲ್ಲಿಗೆ ಸ್ಥಳೀಯ?’ ಎಂಬ ಗಡಿಯನ್ನು ಜೊತೆಗೆ ಹೇಳಲೇಬೇಕು. ಜೊತೆಗೆ ಆ ಪದವೇ ಮಕ್ಕಳ ದಾರಿ ತಪ್ಪಿಸುತ್ತದೆ. ‘ಸ್ಥಳೀಯ ತರಕಾರಿ’, ‘ಸ್ಥಳೀಯ ಸುದ್ದಿ’ ಎಂದು ಕೇಳಿದ ಮಗುವಿಗೆ ಸ್ಥಳೀಯ ಎಂದರೆ ಇಲ್ಲಿ ಸಿಗುವುದು. ಇಲ್ಲಿ ಮಾತ್ರ ಸಿಗುವುದು ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಕೇಳಿಸುವುದಿಲ್ಲ.

ಮರುದಿನ ಬೆಳಿಗ್ಗೆ ಮಾರ್ಗದರ್ಶಕ ಉಪನ್ಯಾಸಕರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು, “ತಪ್ಪಾಯಿತು ಅಂತ ಮಕ್ಕಳ ಮುಂದೆ ಹೇಳಮ್ಮ, ಏನೂ ಆಗುವುದಿಲ್ಲ. ಆಮೇಲೆ ಅವರ ಬೆಟ್ಟವನ್ನೇ ಇಟ್ಟುಕೊಂಡು ಪಾಠ ಮಾಡು” ಎಂದು ಎರಡು ಹೆಚ್ಚುವರಿ ಅವಧಿಗಳಿಗೆ ಒಪ್ಪಿಗೆ ಕೊಡಿಸಿದರು.

ಎರಡನೇ ಅವಧಿಯನ್ನು “ನಿನ್ನೆ ನಾನು ಹೇಳಿದ್ದು ತಪ್ಪು, ಅಳಿಲಿನ ವಿಷಯದಲ್ಲಿ ನೀವು ಹೇಳಿದ್ದೇ ಸರಿ” ಎಂದು ಶುರುಮಾಡಿದೆ. ಮಕ್ಕಳಿಗೆ ಅದರಿಂದ ಆದ ಸಂತೋಷ ಸಣ್ಣದಲ್ಲ. ಆಮೇಲೆ ಬೆಟ್ಟದಲ್ಲಿ ನೋಡಿದ, ಮನೆಯ ಹಿರಿಯರಿಂದ ಕೇಳಿದ ಗಿಡ ಪ್ರಾಣಿಗಳನ್ನು ಹೇಳಲು ಬಿಟ್ಟೆ. ಹಲಗೆ ಸಾಲಲಿಲ್ಲ. ಆನೆ, ಹುಲಿ, ಕರಡಿ, ಕಡವೆ, ಸೀಳುನಾಯಿ ಮೊದಲು ಬಂದವು. ಹಾವುಗಳ ವಿಷಯಕ್ಕೆ ಬಂದಾಗ ಎಲ್ಲರೂ ಒಟ್ಟಿಗೇ ಮಾತಾಡಿದರು. ಮರಗಳಲ್ಲಿ ಹೊನ್ನೆ, ಮತ್ತಿ, ದಿಂಡಿಗ, ಸಂಪಿಗೆ ಬಂದವು. ಸಂಪಿಗೆ ಎಂದ ಕೂಡಲೇ ಸೋಲಿಗರು ಪೂಜಿಸುವ ದೊಡ್ಡಸಂಪಿಗೆಯ ಕಥೆಯೂ ಬಂತು. ಪೋಡಿನ ಹುಡುಗಿಯೊಬ್ಬಳು ಜೇನಿನಲ್ಲೇ ನಾಲ್ಕು ಹೇಳಿದಳು: ಬಂಡೆಗೂ ಎತ್ತರದ ಮರಕ್ಕೂ ಕಟ್ಟುವ ಹೆಜ್ಜೇನು, ಪೊಟರೆಯ ತುಡುವೆ, ಪೊದೆಯ ಕೊಂಬೆಗೆ ಕಟ್ಟುವ ಕಡ್ಡಿಜೇನು, ಕಚ್ಚದ ನಸರುಜೇನು. ಜೇನು ಎಂದರೆ ಒಂದೇ ಎಂದುಕೊಂಡಿದ್ದ ಊರಿನ ಮಕ್ಕಳು ಅವಳನ್ನು ಬಿಟ್ಟಕಣ್ಣು ಬಿಟ್ಟು ನೋಡಿದರು. ‘ಪ್ರಭೇದ’ ಎಂಬ ಪದಕ್ಕೆ ನಾನು ಕೊಡಬಹುದಾಗಿದ್ದ ಯಾವ ವ್ಯಾಖ್ಯೆಗಿಂತಲೂ ಅದು ಚೆನ್ನಾಗಿತ್ತು.

ನೆಲ್ಲಿಯ ವಿಷಯ ಇನ್ನೂ ಸ್ವಾರಸ್ಯವಾಗಿತ್ತು. ಬೆಟ್ಟದಲ್ಲಿ ಎರಡು ಬಗೆಯ ನೆಲ್ಲಿ ಇದೆ, ಒಂದರ ಕಾಯಿ ದಪ್ಪ ಎಂದು ಇಬ್ಬರು ಹೇಳಿದರು. ಸಸ್ಯಶಾಸ್ತ್ರವೂ ಅದನ್ನೇ ಹೇಳುತ್ತದೆ. ಒಂದು ಫಿಲಾಂಥಸ್ ಎಂಬ್ಲಿಕಾ, ಭಾರತದಾಚೆಗೂ ಬೆಳೆಯುವ ಸಾಮಾನ್ಯ ನೆಲ್ಲಿ. ಇನ್ನೊಂದು ಫಿಲಾಂಥಸ್ ಇಂಡೊಫಿಶೆರಿ, ಬುಡದ ಒಣ ಕುರುಚಲು ಕಾಡಿನದು, ದಕ್ಷಿಣ ಭಾರತಕ್ಕಷ್ಟೇ ಸೀಮಿತ. ನನಗೆ ಬೇಕಿದ್ದ ಉದಾಹರಣೆ ಮಕ್ಕಳ ಜೇಬಿನಲ್ಲೇ ಇತ್ತು. ನೆಲ್ಲಿಮರದ ಮೇಲೆ ಬೆಳೆಯುವ ಬದನಿಕೆಯನ್ನೂ ಅವರೇ ತಂದರು. ಅದರ ಹಣ್ಣಿನ ಅಂಟು ಬೀಜವನ್ನು ಪುಟ್ಟ ಹಕ್ಕಿಯೊಂದು ಕೊಂಬೆಯಿಂದ ಕೊಂಬೆಗೆ ಹರಡುತ್ತದೆ, ಆ ಹಕ್ಕಿಗೂ ಕನ್ನಡದಲ್ಲಿ ಬದನಿಕೆ ಹಕ್ಕಿ ಎಂದೇ ಹೆಸರು. ನೆಲ್ಲಿ ಕೊಯ್ಯುವಾಗ ಬದನಿಕೆಯನ್ನು ಕಡಿದು ಹಾಕುತ್ತಿದ್ದರಂತೆ, ಇಲ್ಲದಿದ್ದರೆ ಮರ ಸೊರಗುತ್ತದೆ ಎಂದು ಪೋಡಿನ ಮಕ್ಕಳು ಹೇಳಿದರು. ಪರಾವಲಂಬನೆ ಎಂಬ ಮುಂದಿನ ಘಟಕದ ಪಾಠ ಅಲ್ಲೇ ಅರ್ಧ ಮುಗಿಯಿತು.

ಆಮೇಲೆ ಹಲಗೆಯನ್ನು ಮೂರು ಭಾಗ ಮಾಡಿದೆ. ‘ಇಲ್ಲೂ ಇದೆ, ಬೇರೆಡೆಯೂ ಇದೆ’, ‘ಇಂಥ ಸೀಮೆಯಲ್ಲಿ ಮಾತ್ರ ಇದೆ’, ‘ಹೊರಗಿನಿಂದ ಬಂದದ್ದು’. ಭಾರತದ ನಕ್ಷೆ ತೂಗುಹಾಕಿ ಒಂದೊಂದು ಜೀವಿಗೂ ಮಕ್ಕಳಿಂದಲೇ ಗಡಿ ಎಳೆಸಿದೆ. ಆನೆಯ ಗಡಿ ದೇಶ ದಾಟಿತು. ಕೆಂದಳಿಲಿನ ಗಡಿ ದೇಶದೊಳಗೇ ಉಳಿಯಿತು. ಒಬ್ಬ ಸಿಂಗಳೀಕವನ್ನು ಹೇಳಿದ. ಅದು ಪಶ್ಚಿಮಘಟ್ಟದಲ್ಲಿ, ಕರ್ನಾಟಕ, ಕೇರಳ, ತಮಿಳುನಾಡುಗಳ ಮಳೆಕಾಡಿನಲ್ಲಿ ಮಾತ್ರ ಇರುವ ಪ್ರಾಣಿ, ನಮ್ಮ ಬೆಟ್ಟದಲ್ಲಿ ಇಲ್ಲ. ‘ಪಶ್ಚಿಮಘಟ್ಟಕ್ಕೆ ಸ್ಥಳೀಯ, ಆದರೂ ನಮ್ಮ ಬೆಟ್ಟದಲ್ಲಿ ಇಲ್ಲ’ ಎಂದಾಗ ಪದದ ಅರ್ಥ ಹಲವರಿಗೆ ಹಿಡಿತಕ್ಕೆ ಬಂದದ್ದು ಮುಖದಲ್ಲೇ ಕಾಣಿಸಿತು.

“ಹಂಗಾರೆ ನಮ್ ಬೆಟ್ಟದ್ದೇ ಅಂತ ಏನೂ ಇಲ್ವಾ ಮಿಸ್?” ಎಂಬ ಪ್ರಶ್ನೆ ಬಂದೇ ಬಂತು. ಅದಕ್ಕೆ ಕಪ್ಪೆಯೊಂದನ್ನು ಸಿದ್ಧಮಾಡಿಕೊಂಡಿದ್ದೆ. 2000ದಲ್ಲಿ ಇದೇ ಬೆಟ್ಟದಿಂದ ವಿಜ್ಞಾನಿಗಳು ವಿವರಿಸಿದ ಪುಟ್ಟ ಕಪ್ಪೆಗೆ ಮೈಕ್ರೊಹೈಲಾ ಶೋಲಿಗರಿ ಎಂದು ಹೆಸರಿಟ್ಟಿದ್ದಾರೆ, ಸೋಲಿಗರ ಹೆಸರು. ಮೊದಲು ಈ ಬೆಟ್ಟದ್ದೆಂದಷ್ಟೇ ತಿಳಿದಿದ್ದ ಅದು ಆಮೇಲೆ ದಕ್ಷಿಣದ ಬೇರೆ ಕಡೆಯೂ ಸಿಕ್ಕಿತು. ಅಂದರೆ ‘ಇಲ್ಲಿ ಮಾತ್ರ’ ಎನ್ನುವುದು ನಾವು ಎಷ್ಟು ಕಡೆ ಹುಡುಕಿದ್ದೇವೆ ಎಂಬುದರ ಮೇಲೂ ನಿಂತಿರುತ್ತದೆ. ಕಪ್ಪೆಗೆ ತಮ್ಮ ಕುಲದ ಹೆಸರು ಎಂದು ಕೇಳಿ ಪೋಡಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕಿಟಕಿ ಪಕ್ಕದ ಹುಡುಗ ನಗಲಿಲ್ಲ.

ಒಂದೇ ಬೆಟ್ಟದಲ್ಲಿ ಇಷ್ಟೊಂದು ಬಗೆ ಏಕೆ ಎಂಬುದಕ್ಕೆ ಅಡ್ಡಸೀಳು ಚಿತ್ರ ಬರೆದೆ. ಬುಡ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಅತಿ ಎತ್ತರದ ನೆತ್ತಿ 1,800 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪಾಗುತ್ತದೆ ಎಂದು ಕೊಟ್ಟು ಲೆಕ್ಕ ಮಾಡಿಸಿದೆ. ನೆತ್ತಿ ಬುಡಕ್ಕಿಂತ ಸುಮಾರು 7 ಡಿಗ್ರಿ ತಂಪು ಎಂದು ಬಂತು. “ಅದಕ್ಕೇ ದೇವಸ್ಥಾನದತ್ರ ಸ್ವೆಟರ್ ಬೇಕು” ಎಂದಳು ಒಬ್ಬಳು. ಮುಂಗಾರು, ಹಿಂಗಾರು ಎರಡೂ ಇಲ್ಲಿ ಮಳೆ ಸುರಿಸುತ್ತವೆ, ಆದರೆ ಎಲ್ಲ ಇಳಿಜಾರಿಗೂ ಒಂದೇ ಪ್ರಮಾಣದಲ್ಲಿ ಅಲ್ಲ. ಹಾಗಾಗಿ ಬುಡದಲ್ಲಿ ಕುರುಚಲು ಕಾಡು, ಮೇಲೆ ಹೋದಂತೆ ಎಲೆ ಉದುರುವ ಕಾಡು, ಅದರಾಚೆ ನಿತ್ಯಹರಿದ್ವರ್ಣ, ನೆತ್ತಿಯ ಕಣಿವೆಗಳಲ್ಲಿ ಶೋಲಾ, ನಡುನಡುವೆ ಹುಲ್ಲುಗಾವಲು. ಪಶ್ಚಿಮಘಟ್ಟಕ್ಕೂ ಪೂರ್ವಘಟ್ಟಕ್ಕೂ ನಡುವೆ ಸೇತುವೆಯಂತೆ ಇರುವುದರಿಂದ ಎರಡೂ ಕಡೆಯ ಜೀವಿಗಳು ಇಲ್ಲಿ ಸೇರುತ್ತವೆ. ಈ ಭಾಗ ಹೆಚ್ಚು ಕಷ್ಟವಿಲ್ಲದೆ ಮುಗಿಯಿತು. ದಿನಾ ನೋಡುವ ಬೆಟ್ಟವಾದ್ದರಿಂದ ಚಿತ್ರದಲ್ಲಿ ಯಾವ ಕಾಡು ಎಲ್ಲಿ ಎಂದು ನನಗಿಂತ ಬೇಗ ಅವರೇ ಗುರುತಿಸಿದರು.

‘ಹೊರಗಿನಿಂದ ಬಂದದ್ದು’ ಎಂಬ ಮೂರನೇ ಕಂಬಸಾಲು ಮಾತ್ರ ಖಾಲಿ ಉಳಿದಿತ್ತು. ಅಷ್ಟರಲ್ಲಾಗಲೇ ಒಬ್ಬ ಲಂಟಾನವನ್ನು ಮೊದಲ ಸಾಲಿಗೆ ಬರೆಸಿದ್ದ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ತಂದರು ಎಂದಾಗ ಯಾರೂ ನಂಬಲಿಲ್ಲ. ಅವರು ಹುಟ್ಟಿದಾಗಿನಿಂದ ನೋಡಿದ ಕಾಡು ಲಂಟಾನದ ಕಾಡೇ. ಹಸಿರಾಗಿ ಇರುವುದೆಲ್ಲ ವೈವಿಧ್ಯವೇ ಎಂಬ ಭಾವನೆಯೂ ಇತ್ತು. ಅದಕ್ಕೆ ಮೂರನೇ ಅವಧಿಯಲ್ಲಿ ಹೊರಗೆ ಕರೆದುಕೊಂಡು ಹೋದೆ. ಸೆಣಬಿನ ಹುರಿಯಿಂದ ಒಂದು ಮೀಟರಿನ ಎರಡು ಚೌಕ ಮಾಡಿ ಒಂದನ್ನು ಮೈದಾನದ ಹುಲ್ಲಿನಲ್ಲಿ, ಇನ್ನೊಂದನ್ನು ಬೇಲಿಯ ಲಂಟಾನದ ಅಡಿಯಲ್ಲಿ ಇಟ್ಟೆವು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಎಲೆಯ ಆಕಾರ ನೋಡಿ ಎಷ್ಟು ಬಗೆ ಎಂದು ಎಣಿಸಿ ಎಂದೆ. ಹುಲ್ಲಿನಲ್ಲಿ 11 ಬಗೆ ಸಿಕ್ಕವು, ಲಂಟಾನದ ಅಡಿಯಲ್ಲಿ 3. ಒಂದು ಶಾಲಾ ಮೈದಾನದ ಎರಡು ಚೌಕದಿಂದ ಕಾಡಿನ ತೀರ್ಮಾನ ಮಾಡಲಾಗದು ಎಂದೂ ಹೇಳಿದೆ. ಆದರೆ ‘ಎಷ್ಟು ಗಿಡ’ ಮತ್ತು ‘ಎಷ್ಟು ಬಗೆ’ ಬೇರೆ ಬೇರೆ ಎಂಬುದು ಮೊಣಕಾಲೂರಿ ಎಣಿಸಿದ ಮೇಲೆ ಬೇರೆ ವಿವರಣೆ ಕೇಳಲಿಲ್ಲ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಎರಡನೇ ಅವಧಿಯ ನಂತರ ಮಧ್ಯಾಹ್ನದ ಊಟದ ವೇಳೆ ಆ ಹುಡುಗನ ಪಕ್ಕ ಕೂತೆ. ಮೊದಲ ದಿನ ನಾನು ಸರಿಯಾಗಿ ಮಾತಾಡಲಿಲ್ಲ ಎಂದೆ. ಸ್ವಲ್ಪ ಹೊತ್ತು ಅನ್ನ ಕಲಸುತ್ತಲೇ ಇದ್ದ. ಆಮೇಲೆ, “ನಮ್ಮಜ್ಜ ಹೇಳದು ಮಿಸ್, ಮುಂಚೆ ತರಗುಬೆಂಕಿ ಹಾಕ್ತಿದ್ರಂತೆ. ತರಗೆಲೆ ಮಾತ್ರ ಉರಿತಿತ್ತಂತೆ, ಮರಕ್ಕೆ ಏನೂ ಆಗ್ತಿರ್ಲಿಲ್ವಂತೆ. ಈಗ ಯಾರೂ ಹಾಕಲ್ಲ. ಬೆಂಕಿ ನಿಂತ ಮೇಲೇ ಈ ಲಂಟಾನ ತುಂಬ್ಕೊಂಡದ್ದು ಅಂತದೆ ಅಜ್ಜ” ಎಂದ. ಇದನ್ನು ತರಗತಿಯಲ್ಲಿ ಹೇಳಬಹುದೇ ಎಂದು ಕೇಳಿದೆ. “ನೀವೇ ಹೇಳಿ” ಎಂದ.

ಮೂರನೇ ಅವಧಿಯ ಕೊನೆಯ ಹದಿನೈದು ನಿಮಿಷ ಇದಕ್ಕೇ ಹೋಯಿತು. ಎರಡು ಬೆಂಕಿಗಳ ಚಿತ್ರ ಬರೆದೆ. ತರಗೆಲೆ ಇನ್ನೂ ಹೆಚ್ಚು ಕೂಡಿರದ ಹೊತ್ತಿನಲ್ಲಿ, ನೆಲಮಟ್ಟದಲ್ಲಿ ನಿಧಾನವಾಗಿ ಹರಿದು ಆರುವ ಬೆಂಕಿ ಒಂದು. ಬೇಸಿಗೆ ಏರಿದ ಮೇಲೆ, ಒಣಗಿದ ಪೊದೆ ಹತ್ತಿ ಮರದ ತುದಿಗೆ ಏರುವ ಬೆಂಕಿ ಇನ್ನೊಂದು. 1974ರಲ್ಲಿ ಈ ಕಾಡು ಅಭಯಾರಣ್ಯವಾದ ಮೇಲೆ ಬೆಂಕಿ ಹಾಕುವುದೂ ಅಲೆಮಾರಿ ಬೇಸಾಯವೂ ನಿಂತವು, ಸೋಲಿಗರು ಪೋಡುಗಳಲ್ಲಿ ನೆಲೆನಿಂತರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಹಲವು ಪೋಡುಗಳ ಸಾಮುದಾಯಿಕ ಹಕ್ಕುಗಳಿಗೆ ಮಾನ್ಯತೆಯೂ ಸಿಕ್ಕಿತು. ತರಗುಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಕಾರಣ ಎಂದು ಹಿರಿಯ ಸೋಲಿಗರು ಹೇಳುತ್ತಾರೆ, ಸಂಶೋಧಕರೂ ಅದನ್ನು ಗಂಭೀರವಾಗಿ ತೆಗೆದುಕೊಂಡು ಪರಿಶೀಲಿಸಿದ್ದಾರೆ. ಬೆಂಕಿ ಬಿದ್ದ ಜಾಗದಲ್ಲೇ ಲಂಟಾನ ಮತ್ತೆ ಚಿಗುರಿ ಹೆಚ್ಚುತ್ತದೆ, ಅದು ಹೆಚ್ಚಿದಷ್ಟೂ ಮುಂದಿನ ಬೆಂಕಿ ಜೋರಾಗುತ್ತದೆ ಎಂಬ ವಾದವೂ ಇದೆ. ಎರಡನ್ನೂ ಹಲಗೆಯ ಮೇಲೆ ಎದುರುಬದುರು ಬರೆದು, ಯಾವುದು ಸರಿ ಎಂದು ತಿಳಿಯಬೇಕಾದರೆ ಏನೇನು ಅಳೆಯಬೇಕು ಎಂದು ಕೇಳಿದೆ. “ಬೆಂಕಿ ಬಿದ್ದ ಜಾಗ, ಬೀಳದ ಜಾಗ ಎರಡರಲ್ಲೂ ಹುರಿ ಹಾಕಿ ಎಣಿಸಬೇಕು” ಎಂದು ಹೇಳಿದ್ದು ಮೊದಲ ದಿನ ಬೆರಳು ತೋರಿಸಿದ ಹುಡುಗ. “ಒಂದು ವರ್ಷ ಎಣಿಸಿದ್ರೆ ಸಾಲದು” ಎಂದು ಸೇರಿಸಿದ್ದು ಕಿಟಕಿ ಪಕ್ಕದವನು. ಅವರಿಬ್ಬರೂ ಆಮೇಲೆ ಸ್ನೇಹಿತರಾದರು ಎಂದು ಬರೆಯಲು ಆಸೆ, ಆದರೆ ಅಂಥದ್ದೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಘಟಕ ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆ ಇದು: ‘ನಮ್ಮ ಬೆಟ್ಟದಲ್ಲಿ ಆನೆ ಇದೆ. ಹಾಗಾದರೆ ಆನೆ ನಮ್ಮ ಬೆಟ್ಟದ ಸ್ಥಳೀಯ ಪ್ರಭೇದವೇ? ಕಾರಣ ಕೊಡಿ.’ ಅಂದು ಹಾಜರಿದ್ದ 36 ಮಕ್ಕಳಲ್ಲಿ 25 ಮಂದಿ ಅಲ್ಲ ಎಂದು ಸರಿಯಾದ ಕಾರಣ ಬರೆದರು. 7 ಮಂದಿ ಅಲ್ಲ ಎಂದಷ್ಟೇ ಬರೆದರು. 4 ಮಂದಿ ಹೌದು ಎಂದರು. ಆ ನಾಲ್ವರಲ್ಲಿ ಒಬ್ಬಳ ಕಾರಣ, ‘ಆನೆ ಇಲ್ಲೇ ಹುಟ್ಟಿ ಇಲ್ಲೇ ಬೆಳೆದದ್ದು.’ ಅಂಕ ಕೊಡಲಾಗಲಿಲ್ಲ, ಆದರೆ ‘ಸ್ಥಳೀಯ’ ಪದದ ತೊಂದರೆ ಇನ್ನೂ ಪೂರ್ತಿ ಹೋಗಿಲ್ಲ ಎಂದು ಆ ಉತ್ತರವೇ ತೋರಿಸಿತು. ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕರು ‘ವಿಷಯ ನಿರೂಪಣೆ ಉತ್ತಮ, ಸಮಯ ನಿರ್ವಹಣೆ ಗಮನಿಸಿ’ ಎಂದು ಬರೆದಿದ್ದಾರೆ. ಮೂರೂ ಅವಧಿ ಘಂಟೆ ದಾಟಿ ಹೋಗಿದ್ದವು, ಒಪ್ಪುತ್ತೇನೆ.

ಮುಂದಿನ ತಂಡದಲ್ಲಿ ಈ ಘಟಕ ತೆಗೆದುಕೊಳ್ಳುವವರು ಒಂದರ ಬದಲು ಮೂರು ಅವಧಿ ಕೇಳಿ ಪಡೆಯಿರಿ. ‘ಸ್ಥಳೀಯ ಪ್ರಭೇದ’ ಎಂದು ಬರೆಯುವಾಗಲೆಲ್ಲ ‘ಎಲ್ಲಿಗೆ?’ ಎಂದು ಪಕ್ಕದಲ್ಲೇ ಬರೆಯಿರಿ. ಜೀವಿಗಳ ಪಟ್ಟಿಯನ್ನು ಮೊದಲು ಮಕ್ಕಳಿಂದ ಪಡೆದು, ಪಚ್‌ಮಢಿಗೆ ಆಮೇಲೆ ಹೋಗಿ. ಹುರಿಯ ಚೌಕಗಳನ್ನು ಶಾಲೆಯ ವಿಜ್ಞಾನ ಕೊಠಡಿಯ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟು ಬಂದಿದ್ದೇನೆ.